ಕುಡಿತ ಬಿಟ್ಟವರು ಕೌನ್ಸೆಲರ್ ಆಗಬೇಕಾದರೆ ಏನು ಓದಬೇಕು?

ಇವರನ್ನು ಶಂಕರ್ ಎಂದು ಕರೆಯೋಣ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ವಯಸ್ಸು 36, ವೈರಿಂಗ್ ಕೆಲಸ ಮಾಡುತ್ತಾರೆ. ಮದ್ಯವರ್ಜನ ಶಿಬಿರಕ್ಕೆ ಸೇರಿ ಕುಡಿತ ಬಿಟ್ಟು 14 ತಿಂಗಳಾಗಿತ್ತು.

ಅವರ ಆಸೆ ಒಂದೇ. ಡಿ-ಅಡಿಕ್ಷನ್ ಕೌನ್ಸೆಲರ್, ಅಂದರೆ ಚಟ ಬಿಡಲು ನೆರವಾಗುವ ಆಪ್ತಸಮಾಲೋಚಕ ಆಗಬೇಕು. ಒಂದು ಖಾಸಗಿ ಸಂಸ್ಥೆ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ‘ಲೈಸೆನ್ಸ್’ ಕೊಡುತ್ತೇವೆ ಎಂದು ಹೇಳಿತ್ತು. ಫೀಸು ಕಟ್ಟಲು ಹೆಂಡತಿಯ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಬೇಕು. ಅರ್ಜಿ ತುಂಬಿ ಆಗಿತ್ತು, ಹೆಂಡತಿಯ ಸಹಿ ಮಾತ್ರ ಬಾಕಿ. ಆಕೆ ಸಹಿ ಹಾಕದೆ ಇಬ್ಬರೂ ಸೇರಿ ಮೊದಲು ಒಬ್ಬರನ್ನು ಕೇಳೋಣ ಎಂದು ಹಟ ಹಿಡಿದು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಒಳ್ಳೆಯ ಕೆಲಸ ಮಾಡಿದರು.

ಮೊದಲು ಲೈಸೆನ್ಸ್ ಮಾತು. ವ್ಯಸನದ ಕೌನ್ಸೆಲರ್ ಎಂಬ ಪ್ರತ್ಯೇಕ ಲೈಸೆನ್ಸ್ ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿ ಇದೆ, ರಾಜ್ಯಕ್ಕೊಂದು ನಿಯಮ. ಟೆಕ್ಸಾಸ್‌ನಲ್ಲಿ ಕನಿಷ್ಠ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಬೇಕು, ಹಿರಿಯರ ಮೇಲ್ವಿಚಾರಣೆಯಲ್ಲಿ 4,000 ಗಂಟೆ ಕೆಲಸ ಮಾಡಿರಬೇಕು, ಪರೀಕ್ಷೆಯನ್ನೂ ಪಾಸು ಮಾಡಬೇಕು. ಅಲ್ಲಿ ಇಷ್ಟೆಲ್ಲ ಕೇಳುವಾಗ ಮೂರು ತಿಂಗಳ ವಿಡಿಯೋ ನೋಡಿದರೆ ಲೈಸೆನ್ಸ್ ಹೇಗೆ ಬರುತ್ತದೆ, ಅಲ್ವಾ? ನಮ್ಮಲ್ಲಿ ಡಾಕ್ಟರ್, ನರ್ಸ್ ಅಲ್ಲದ ಆರೋಗ್ಯ ವೃತ್ತಿಗಳಿಗೆ ಇರುವ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಕೌನ್ಸೆಲರ್‌ಗಳನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಮುಂದೆ ನಿಯಮ ಬಿಗಿಯಾಗುವುದೇ ಹೊರತು ಸಡಿಲವಾಗುವುದಿಲ್ಲ. ಅದಕ್ಕೇ ಸರಿಯಾದ ಡಿಗ್ರಿ ಈಗಲೇ ಬೇಕು ಎಂದೆ.

ಶಂಕರ್‌ಗೆ ಬೇಸರವಾಯಿತು. ‘ಕುಡಿದು ಹಾಳಾಗಿ ಎದ್ದು ಬಂದವನು ನಾನು. ನನಗೆ ಗೊತ್ತಿರೋದು ಪುಸ್ತಕ ಓದಿದವರಿಗೆ ಗೊತ್ತಾ?’ ಎಂದರು. ಅವರ ಮಾತಲ್ಲಿ ನಿಜ ಇದೆ. ಕುಡಿತ ಬಿಟ್ಟವರು ಎದುರು ಕೂತರೆ ಕುಡಿಯುವವರು ಬಾಯಿ ಬಿಡುತ್ತಾರೆ, ನಮ್ಮಂಥವರ ಮುಂದೆ ಅಷ್ಟು ಬೇಗ ಬಿಡುವುದಿಲ್ಲ.

ಆದರೂ ಒಂದು ಪ್ರಶ್ನೆ ಕೇಳಿದೆ. ‘ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದ ಒಬ್ಬರು ನಿನ್ನೆ ಬೆಳಗ್ಗೆಯಿಂದ ನಿಲ್ಲಿಸಿದ್ದಾರೆ. ಕೈ ನಡುಗುತ್ತಿದೆ, ಬೆವರುತ್ತಿದ್ದಾರೆ, ರಾತ್ರಿ ನಿದ್ದೆ ಇಲ್ಲ. ನೀವು ಏನು ಹೇಳ್ತೀರಿ?’

‘ಧೈರ್ಯ ಹೇಳ್ತೀನಿ. ಮೂರು ದಿನ ರೂಮಲ್ಲಿ ಇರಿಸಿ ಅಂತ ಮನೆಯವರಿಗೆ ಹೇಳ್ತೀನಿ. ನಾನೂ ಹಾಗೇ ತಡಕೊಂಡೆ.’

ಅವರು ತಡೆದುಕೊಂಡರು, ಎಲ್ಲರ ದೇಹವೂ ತಡೆಯುವುದಿಲ್ಲ. ಆ ಮೊದಲ ಎರಡು ಮೂರು ದಿನಗಳಲ್ಲೇ ಫಿಟ್ಸ್ ಬರಬಹುದು. ಇಲ್ಲದ್ದೆಲ್ಲ ಕಣ್ಣಿಗೆ ಕಾಣುವ, ಎಲ್ಲಿದ್ದೇನೆ ಎಂಬುದೇ ಗೊತ್ತಾಗದ ಸ್ಥಿತಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆ ವ್ಯಕ್ತಿಗೆ ಆಗ ಮಾತು ಬೇಡ, ಡಾಕ್ಟರ್ ಬೇಕು. ರೂಮಿಗೆ ಬೀಗ ಹಾಕುವ ಸಲಹೆಯಿಂದ ಜೀವ ಹೋದರೆ ಹೊಣೆ ಯಾರದು? ಶಂಕರ್ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಹಾಗಾದ್ರೆ ಏನು ಓದಬೇಕು?’ ಎಂದರು.

ಅವರ ಪ್ಲಾಸ್ಟಿಕ್ ಫೈಲಿನಲ್ಲಿ ಬಿ.ಕಾಂ. ಎರಡನೇ ವರ್ಷದವರೆಗಿನ ಮಾರ್ಕ್ಸ್‌ಕಾರ್ಡ್ ಇದ್ದವು. ಉಳಿದದ್ದನ್ನು ಮುಗಿಸಲು ಇನ್ನೂ ಅವಕಾಶ ಇದೆಯಾ ಎಂದು ವಿಶ್ವವಿದ್ಯಾಲಯದಲ್ಲಿ ಕೇಳಿ, ಇಲ್ಲದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಬಿ.ಎ.ಗೆ ಸೇರಿ ಎಂದೆ. ಡಿಗ್ರಿ ಆದ ಮೇಲೆ ಎರಡು ವರ್ಷದ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಇದನ್ನು ಕಾಲೇಜಿಗೆ ಹೋಗಿಯೇ ಮಾಡುವುದು ಒಳ್ಳೆಯದು. ಫೀಲ್ಡ್‌ವರ್ಕ್‌ನಲ್ಲಿ ಆಸ್ಪತ್ರೆ, ಪುನರ್ವಸತಿ ಕೇಂದ್ರಗಳಲ್ಲಿ ಕೆಲಸ ಮಾಡಿ, ಪ್ರತಿ ಭೇಟಿಯ ವರದಿ ಬರೆದು, ಮೇಷ್ಟ್ರ ಹತ್ತಿರ ತಿದ್ದಿಸಿಕೊಳ್ಳಬೇಕು. ಕಲಿಕೆ ಜಾಸ್ತಿ ಆಗುವುದು ಅಲ್ಲೇ. ಸೈಕಾಲಜಿ ಎಂ.ಎಸ್ಸಿ. ಇನ್ನೊಂದು ದಾರಿ. ಆದರೆ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದು ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2025ರಲ್ಲಿ ಹೇಳಿದೆ. ಈ ವಿಷಯ ಗೊತ್ತಿಲ್ಲದೆ ಸುಮ್ನೆ ದುಡ್ಡು ಕಳೆದುಕೊಳ್ಳಬಾರದು.

ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ (ಮಾನಸಿಕ ಕಾಯಿಲೆ ಇರುವವರು, ಅವರ ಮನೆಯವರ ಜೊತೆ ಕೆಲಸ ಮಾಡುವ ಸಮಾಜಕಾರ್ಯಕರ್ತ) ಆಗಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಜೊತೆಗೆ ಎರಡು ವರ್ಷದ ಎಂ.ಫಿಲ್. ಕೇಳುತ್ತದೆ. ನಿಮ್ಹಾನ್ಸ್‌ನಂಥ ಕಡೆ ಓದುವ ಓದು ಅದು. ಶಂಕರ್‌ಗೆ ಈಗಲೇ ಅದರ ಚಿಂತೆ ಬೇಡ.

ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಐದು ವರ್ಷ. ಹೆಂಡತಿ ಅಲ್ಲಿಯವರೆಗೆ ಮನೆ ಹೇಗೆ ನಡೆಯಬೇಕು ಎಂದು ಕೇಳಿದರು. ವೈರಿಂಗ್ ಕೆಲಸ ಬಿಡಬೇಡಿ, ಬಿ.ಎ. ಮುಗಿಯುವವರೆಗೆ ಎರಡೂ ನಡೆಯುತ್ತವೆ ಎಂದೆ. ಕೇಂದ್ರದ ಅನುದಾನದಲ್ಲಿ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳಲ್ಲಿ ಪಿಯರ್ ಎಜುಕೇಟರ್ ಎಂಬ ಹುದ್ದೆ ಇದೆ. ಚಟ ಬಿಟ್ಟು ಗಟ್ಟಿಯಾಗಿ ನಿಂತವರನ್ನೇ ಅದಕ್ಕೆ ತೆಗೆದುಕೊಳ್ಳುತ್ತಾರೆ. ಶಂಕರ್‌ಗೆ ಹೇಳಿ ಮಾಡಿಸಿದ ಕೆಲಸ. ಆದರೆ ಇನ್ನೊಂದು ವರ್ಷ ಕಾಯಿರಿ ಎಂದೆ. ದಿನಾ ಕುಡಿತದ ಕಥೆ ಕೇಳುತ್ತಿದ್ದರೆ ಹಳೆಯ ಆಸೆ ಕೆರಳಬಹುದು. ಚೆನ್ನಾಗಿದ್ದವರೂ ಹೀಗೆ ಜಾರಿದ್ದನ್ನು ನೋಡಿದ್ದೇನೆ.

ಸಾಲದ ಅರ್ಜಿ ವಾಪಸ್ ತೆಗೆದುಕೊಂಡರು. ಹಳೆಯ ಬಿ.ಕಾಂ. ಅವಧಿ ಮುಗಿದಿತ್ತು, ಬಿ.ಎ.ಗೆ ಸೇರಿದ್ದಾರೆ. ನಾನು ಒಂದೇ ಷರತ್ತು ಹಾಕಿದ್ದೇನೆ: ಪರೀಕ್ಷೆ ಇದ್ದರೂ ಶಿಬಿರದಲ್ಲಿ ಕುಡಿತ ಬಿಟ್ಟವರು ಸೇರುವ ವಾರದ ನವಜೀವನ ಸಭೆ ತಪ್ಪಿಸಬಾರದು. ಅಲ್ಲಿ ಸಲಹೆ ಕೊಡಲು ಕೂರುವುದು ಬೇಡ, ತಮ್ಮ ಕಷ್ಟ ಹೇಳಿಕೊಳ್ಳಲು ಕೂರಬೇಕು.