ನಿಮ್ಮ ಮುಖಕ್ಕಾಗಿ ಅಕ್ಕ ಕ್ಷಮೆ ಕೇಳುವುದು ಬೇಡ

ನಿಮ್ಮ ಪತ್ರ ಓದಿದ ಮೇಲೆ ಈ ವಾರ ಬೇರೆ ಪತ್ರ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ನಿಮಗೆ 26 ವರ್ಷ, ಆಟಿಸಂ ಇದೆ, ಜಯನಗರದಿಂದ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುತ್ತೀರಿ. ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಯಾರಾದರೊಬ್ಬರು ‘ಯಾಕಮ್ಮ ಮುಖ ಗಂಟು ಹಾಕ್ಕೊಂಡಿದ್ದೀಯ, ಸ್ವಲ್ಪ ನಗು’ ಎನ್ನುತ್ತಾರೆ. ಮದುವೆಯ ಛತ್ರದಲ್ಲಿ ಪಂಕ್ತಿಯ ಪಕ್ಕದ ಎಲೆಯವರೂ ಅದನ್ನೇ ಹೇಳುತ್ತಾರೆ. ಆಗ ನಿಮಗೆ ಸಿಟ್ಟೂ ಇರುವುದಿಲ್ಲ, ಬೇಸರವೂ ಇರುವುದಿಲ್ಲ. ಕನ್ನಡಿಯ ಮುಂದೆ ನಗುವುದನ್ನು ಅಭ್ಯಾಸ ಮಾಡಬೇಕೇ ಎಂದು ಕೇಳಿದ್ದೀರಿ.

ಖಂಡಿತ ಬೇಡ. ಆಟಿಸಂ ಇರುವ ಅನೇಕರ ಮನಸ್ಸಿನ ಭಾವ ಇತರರು ನಿರೀಕ್ಷಿಸುವ ರೀತಿಯಲ್ಲಿ ಮುಖದ ಮೇಲೆ ಮೂಡುವುದಿಲ್ಲ, ಮತ್ತು ಇಲ್ಲದ ಭಾವವನ್ನು ದಿನವಿಡೀ ನಟಿಸುವವರಲ್ಲಿ ಬಳಲಿಕೆ, ಆತಂಕ, ಖಿನ್ನತೆ ಹೆಚ್ಚಾಗಿ ಕಂಡುಬರುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವವರನ್ನು ಕೆಲವೇ ಕ್ಷಣ ನೋಡಿದವರು ಅವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ತಳೆದರು. ಅದೇ ಜನರ ಮಾತನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ಪೂರ್ವಗ್ರಹ ಕಾಣಲಿಲ್ಲ. ತಿದ್ದಿಕೊಳ್ಳಬೇಕಾದವರು ಯಾರೆಂಬುದಕ್ಕೆ ನನಗೆ ಇಷ್ಟು ಸಾಕು.

ಆದರೆ ನನ್ನನ್ನು ಕಲಕಿದ್ದು ನೀವು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟ ಸಂಗತಿ: ಜೊತೆಯಲ್ಲಿದ್ದಾಗ ನಿಮ್ಮ ಅಕ್ಕ ‘ತಪ್ಪು ತಿಳ್ಕೋಬೇಡಿ ಆಂಟಿ, ಅವಳಿಗೆ ಆಟಿಸಂ’ ಎಂದು ತಾವೇ ಮುಂದಾಗಿ ಹೇಳುತ್ತಾರೆ. ಆ ಆಂಟಿಯ ಮೇಲೆ ನನಗೆ ಅಷ್ಟು ಕೋಪವಿಲ್ಲ. ಅವರು ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುತ್ತಾರೆ. ಅಕ್ಕ ನಿಮ್ಮ ಜೊತೆ ಮನೆಗೆ ಬರುತ್ತಾರೆ, ಮತ್ತು ನಿಮ್ಮ ಮುಖವೇ ಒಂದು ತಪ್ಪು ಎಂಬ ಭಾವನೆಯನ್ನು ಪ್ರತಿ ಬಾರಿಯೂ ನಿಮ್ಮೊಳಗೆ ಬಿತ್ತುತ್ತಾರೆ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆಯೆಂದು ಬರೆದಿದ್ದೀರಿ, ನಂಬುತ್ತೇನೆ. ಆದರೂ ಹೊರಗಿನವರ ಮುಂದೆ ಮನೆಯವರು ನಮ್ಮ ಪಕ್ಕ ನಿಲ್ಲಬೇಕು ಎಂಬ ಮಾತನ್ನು ಈ ಅಂಕಣದಲ್ಲಿ ಎಷ್ಟು ಸಲ ಬೇಕಾದರೂ ಬರೆಯುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿ, ಘನತೆಯಿಂದ ಬಾಳುವ ಹಕ್ಕನ್ನು ಎತ್ತಿ ಹಿಡಿದಿದೆ. ನಿಮ್ಮ ಆಟಿಸಂ ವಿಷಯವನ್ನು ಯಾರಿಗೆ, ಯಾವಾಗ ಹೇಳಬೇಕೆಂದು ನೀವೇ ನಿರ್ಧರಿಸುವುದು ಆ ಘನತೆಗೆ ಸೇರಿದ್ದು.

ಹೀಗಾಗಿ ಮಾಡಬೇಕಾದ ಕೆಲಸ ಒಂದೇ. ಇಂದು ರಾತ್ರಿಯೇ ಅಕ್ಕನಿಗೆ ಹೇಳಿ; ಎದುರಿಗೆ ಹೇಳುವುದು ಕಷ್ಟವಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ‘ಅಕ್ಕ, ನನ್ನ ಮುಖದ ಬಗ್ಗೆ ಯಾರು ಏನೇ ಅಂದರೂ ನೀನು ಕ್ಷಮೆ ಕೇಳಬೇಡ, ನನ್ನನ್ನು ಕೇಳದೆ ಆಟಿಸಂ ವಿಷಯ ಹೇಳಬೇಡ.’ ಏನಾದರೂ ಹೇಳಲೇಬೇಕು ಎಂದು ಅವರಿಗೆ ಅನ್ನಿಸಿದರೆ, ‘ಅವಳು ಆರಾಮಾಗೇ ಇದ್ದಾಳೆ’ ಎಂದಷ್ಟೇ ಹೇಳಲಿ.