ಆಟದ ಅಂಗಳ: ವಾಡಲ್ ವರ್ಕ್‌ಸಾಪ್‌ಗೆ ಹೋದದ್ದೇಕೆ?

(ಈ ಸಂಚಿಕೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದ ಫುಟ್‌ಬಾಲ್ ಪ್ರಶ್ನೆಗಳಲ್ಲಿ ಒಂದೇ ವಿಷಯಕ್ಕೆ ಸೇರಿದವನ್ನು ಇಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ.)

ಪ್ರಶ್ನೆ: ಇಂಗ್ಲೆಂಡ್ ಪರ 62 ಪಂದ್ಯಗಳನ್ನು ಆಡಿದ ಕ್ರಿಸ್ ವಾಡಲ್, ಕೊನೆಯ ವರ್ಷಗಳಲ್ಲಿ ವರ್ಕ್‌ಸಾಪ್ ಟೌನ್ ಎಂಬ ನಾನ್‌ಲೀಗ್ ಕ್ಲಬ್ಬಿಗೆ ಆಡಿದರೆಂದು ಓದಿದೆ. ಸಂಜೆ ಹೈಸ್ಕೂಲ್ ಮೈದಾನದಲ್ಲಿ ಜೊತೆಗೆ ಆಡುವ ಗೆಳೆಯರಲ್ಲಿ ಈ ಬಗ್ಗೆ ದೊಡ್ಡ ವಾದವೇ ನಡೆಯಿತು. ಅಷ್ಟು ದೊಡ್ಡ ಆಟಗಾರನಿಗೆ ಇದು ಅವನತಿಯಲ್ಲವೇ? ಹಣದ ಅಡಚಣೆ ಇತ್ತೇ?
— ಪದವಿ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹಣದ ಮಾತನ್ನು ಮೊದಲು ಮುಗಿಸೋಣ. ನಾನ್‌ಲೀಗ್ ಎಂದರೆ ಇಂಗ್ಲೆಂಡಿನ ಮೇಲಿನ ನಾಲ್ಕು ವಿಭಾಗಗಳ ಹೊರಗಿನದು; ಆ ಮಟ್ಟದ ಕ್ಲಬ್ಬುಗಳಲ್ಲಿ ಆಟಗಾರರು ಹಗಲು ಬೇರೆ ಉದ್ಯೋಗ ಮಾಡಿ, ವಾರದಲ್ಲಿ ಒಂದೆರಡು ಸಂಜೆ ತರಬೇತಿಗೆ ಬಂದು, ಶನಿವಾರ ಪಂದ್ಯ ಆಡುತ್ತಾರೆ. ಸಂಪಾದನೆಯನ್ನು ಹುಡುಕಿಕೊಂಡು ಹೋಗುವ ಜಾಗ ಅದಲ್ಲ. ಅವನತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ವಾಡಲ್ ಎಲ್ಲಿಂದ ಬಂದವರು ಎಂಬುದನ್ನು ನೋಡಬೇಕು.

1960ರಲ್ಲಿ ಈಶಾನ್ಯ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಶುರುವಿನಲ್ಲಿ ಆಡಿದ್ದು ಡರಮ್ ಸೀಮೆಯ ಟೋ ಲಾ ಟೌನ್ ಎಂಬ ಪುಟ್ಟ ನಾನ್‌ಲೀಗ್ ಕ್ಲಬ್ಬಿಗೆ. ಆಗ ಅವರ ಹೊಟ್ಟೆಪಾಡು ಆಹಾರಕ್ಕೆ ಬಳಸುವ ಮಸಾಲೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಡೆಯುತ್ತಿತ್ತು. 1980ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ 1,000 ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡಿತು. 1985ರಲ್ಲಿ ಟಾಟನ್‌ಹ್ಯಾಮ್ ಸೇರಿದರು. 1989ರಲ್ಲಿ ಫ್ರಾನ್ಸಿನ ಮಾರ್ಸೇ ಕ್ಲಬ್ಬು ಅದೇ ಹುಡುಗನಿಗಾಗಿ 45 ಲಕ್ಷ ಪೌಂಡ್ ಕೊಟ್ಟಿತು. ಮಾರ್ಸೇಯಲ್ಲಿ ಅವರಿದ್ದ ಮೂರು ಋತುಗಳಲ್ಲಿಯೂ ಫ್ರೆಂಚ್ ಲೀಗ್ ಪ್ರಶಸ್ತಿ ಆ ತಂಡದ್ದೇ. 1991ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಮಾತ್ರ ಅದು ಬೆಲ್‌ಗ್ರೇಡಿನ ರೆಡ್ ಸ್ಟಾರ್ ಎದುರು ಪೆನಾಲ್ಟಿಯಲ್ಲಿ ಸೋತಿತು.

ಅವರನ್ನು ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವರು) ಎಂದೂ ಮುಂಚೂಣಿಯ ಮಿಡ್‌ಫೀಲ್ಡರ್ ಎಂದೂ ಕರೆದಿದ್ದಾರೆ. ಭುಜ ಬಾಗಿಸಿಕೊಂಡು, ದಣಿದವರ ಹಾಗೆ ಚೆಂಡಿನ ಹಿಂದೆ ಬರುತ್ತಿದ್ದ ಅವರ ನಡಿಗೆಯನ್ನು ಕಂಡು ಎದುರಾಳಿಯ ಡಿಫೆಂಡರ್ ಒಂದು ಗಳಿಗೆ ಸಡಿಲಾದರೆ, ಅಷ್ಟರಲ್ಲಿ ಭುಜವೊಂದನ್ನು ಇಳಿಸಿ ಅವನನ್ನು ಒಂದು ಕಡೆಗೆ ಕಳುಹಿಸಿ, ತಾವು ಇನ್ನೊಂದು ಕಡೆಯಿಂದ ಹೊರಟುಬಿಡುತ್ತಿದ್ದರು. ಅವರ ಆಟ ಓಟದ ವೇಗಕ್ಕಿಂತ ಹೆಚ್ಚಾಗಿ ಈ ಮೋಸಗೊಳಿಸುವ ಚಲನೆಯ ಮೇಲೆ, ಎರಡೂ ಕಾಲುಗಳ ಹಿಡಿತದ ಮೇಲೆ ಮತ್ತು ಪಾಸ್ ಕೊಡುವ ಕಣ್ಣಿನ ಮೇಲೆ ನಿಂತಿತ್ತು. ಈ ಮೂರೂ ಮೊಣಕಾಲಿಗಿಂತ ಹೆಚ್ಚು ದಿನ ಬಾಳುವ ಸಂಗತಿಗಳು. ಶೆಫೀಲ್ಡ್ ವೆನ್ಸ್‌ಡೇ ತಂಡದಲ್ಲಿದ್ದಾಗ, 1993ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. 1997ರ ಜನವರಿಯಲ್ಲಿ, 36ನೆಯ ವಯಸ್ಸಿನಲ್ಲಿ, ಬ್ರ್ಯಾಡ್‌ಫರ್ಡ್ ಸಿಟಿಗೆ ಆಡುತ್ತ, ಎವರ್ಟನ್‌ನ ಮೈದಾನದಲ್ಲಿ ಬಹಳ ದೂರದಿಂದ ಚೆಂಡನ್ನು ಗೋಲ್‌ಕೀಪರ್ ತಲೆಯ ಮೇಲಿಂದ ಎತ್ತಿ ಹಾಕಿದ ಎಫ್‌ಎ ಕಪ್ (ದೊಡ್ಡ-ಸಣ್ಣ ಕ್ಲಬ್ಬುಗಳೆಲ್ಲ ಆಡುವ ಇಂಗ್ಲೆಂಡಿನ ನಾಕ್‌ಔಟ್ ಟೂರ್ನಿ) ಗೋಲನ್ನು ದಯವಿಟ್ಟು ಹುಡುಕಿ ನೋಡಿ. ಆ ಗೋಲಿಗೆ ಬೇಕಾಗಿದ್ದುದು ಗೋಲ್‌ಕೀಪರ್ ಮುಂದೆ ಬಂದು ನಿಂತಿದ್ದಾನೆಂದು ಗಮನಿಸಿದ ಕಣ್ಣು.

ಬರ್ನ್‌ಲಿಯಲ್ಲಿ ಒಂದು ಋತು ಆಟಗಾರ-ಮ್ಯಾನೇಜರ್ ಆಗಿದ್ದು, ಟಾರ್ಕಿಯಲ್ಲಿ ಕೆಲಕಾಲ ಆಡಿ, 2000ರಲ್ಲಿ ಅವರು ವರ್ಕ್‌ಸಾಪ್ ಟೌನ್ ಸೇರಿದಾಗ ವಯಸ್ಸು 39. ವರ್ಕ್‌ಸಾಪ್ ಎಂಬುದು ಶೆಫೀಲ್ಡ್ ನಗರಕ್ಕೆ ಸಮೀಪದ, ಕಲ್ಲಿದ್ದಲ ಗಣಿಗಳ ಸೀಮೆಯ ಊರು. ಅಲ್ಲಿನ ಕ್ಲಬ್ಬು ಆಗ ಇದ್ದುದು ನಾರ್ದರ್ನ್ ಪ್ರೀಮಿಯರ್ ಲೀಗ್‌ನಲ್ಲಿ, ಅಂದರೆ ಇಡೀ ದೇಶದ ಶ್ರೇಣಿಯಲ್ಲಿ ಆರನೆಯ ಹಂತದಲ್ಲಿ. ಅಂತಹ ಮೈದಾನಗಳಲ್ಲಿ ಪ್ರೇಕ್ಷಕರಿಗೂ ಆಟಗಾರರಿಗೂ ನಡುವೆ ಒಂದು ಕಂಬಿಬೇಲಿ ಮಾತ್ರ ಇರುತ್ತದೆ. ಟಿವಿಯಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ಆಡುವುದನ್ನು ಕಂಡಿದ್ದವರನ್ನು ಆ ಊರಿನ ಗಣಿ ಕಾರ್ಮಿಕರ ಮಕ್ಕಳು ಕೈಚಾಚಿದಷ್ಟು ದೂರದಲ್ಲಿ ನಿಂತು ನೋಡಿದರು. ವಾಡಲ್ ಚೆಂಡನ್ನು ನಿಲ್ಲಿಸುವ ಮೊದಲು ತಲೆಯೆತ್ತಿ ಎತ್ತ ನೋಡುತ್ತಾರೆಂಬುದೂ ಆ ಹುಡುಗರಿಗೆ ಕಂಡಿರಬೇಕು. ಆಟ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ದೊರೆಯುವುದಿಲ್ಲವೆಂದು ನಾನು ನಂಬಿದ್ದೇನೆ. ವರ್ಕ್‌ಸಾಪ್ ಬಿಟ್ಟ ಮೇಲೂ ಸಣ್ಣ ಕ್ಲಬ್ಬುಗಳಿಗೆ ಆಡಿದ ಅವರು, 2013ರಲ್ಲಿ, 52ನೆಯ ವಯಸ್ಸಿನಲ್ಲಿ, ಶೆಫೀಲ್ಡಿನ ಹ್ಯಾಲಮ್ ಕ್ಲಬ್ಬಿಗಾಗಿ ಮತ್ತೆ ಬೂಟು ಕಟ್ಟಿದರು. ಆ ಕ್ಲಬ್ಬಿನ ಸ್ಯಾಂಡಿಗೇಟ್ ಮೈದಾನದಲ್ಲಿ 1860ರಲ್ಲಿಯೇ ಫುಟ್‌ಬಾಲ್ ಪಂದ್ಯ ನಡೆದಿತ್ತು. ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಮೈದಾನವೆಂಬ ಮಾನ್ಯತೆ ಅದಕ್ಕಿದೆ.

ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಹೆಸರು ಮಾಡಿದ ಪೈಲ್ವಾನರು ವಯಸ್ಸಾದ ಮೇಲೆ ಗರಡಿಮನೆಯ ಮಣ್ಣಿಗಿಳಿದು ಹುಡುಗರಿಗೆ ಪಟ್ಟು ಹಾಕಿಸಿದರೆ ನಮ್ಮ ಊರಿನಲ್ಲಿ ಯಾರೂ ಅದನ್ನು ಅವನತಿಯೆಂದು ಕರೆಯುವುದಿಲ್ಲ. ವಾಡಲ್ ಅವರ ವಿಷಯದಲ್ಲಿಯೂ ಅದೇ ಗೌರವವನ್ನು ನಿಮ್ಮ ಗೆಳೆಯರು ತೋರಿಸಬೇಕೆಂಬುದು ನನ್ನ ಕೋರಿಕೆ.

ಪ್ರಶ್ನೆ: ನಾನ್‌ಲೀಗ್ ಕ್ಲಬ್ಬುಗಳಿಗೆ ತಮ್ಮದೇ ಲೀಗ್ ಇರುತ್ತದೆಯೇ? ಅಲ್ಲಿಂದ ಮೇಲೇರಲು ದಾರಿ ಇದೆಯೇ?
— ಗೃಹಿಣಿ, ಹರಿಹರ

ಉತ್ತರ: ಲೀಗುಗಳು ಬೇಕಾದಷ್ಟಿವೆ, ದಾರಿಯೂ ಇದೆ. 1888ರಲ್ಲಿ ಹುಟ್ಟಿದ ಫುಟ್‌ಬಾಲ್ ಲೀಗ್‌ನ ಹೊರಗಿನ ಕ್ಲಬ್ಬುಗಳಿಗೆ ಈ ಹೆಸರು ಬಂತು. ಇಂದು ಪ್ರೀಮಿಯರ್ ಲೀಗ್‌ನ 20 ಮತ್ತು ಅದರ ಕೆಳಗಿನ ಮೂರು ವಿಭಾಗಗಳ 72, ಒಟ್ಟು 92 ಕ್ಲಬ್ಬುಗಳನ್ನು ಬಿಟ್ಟು ಉಳಿದೆಲ್ಲವೂ ನಾನ್‌ಲೀಗ್. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ನ್ಯಾಷನಲ್ ಲೀಗ್. ಅದರಡಿಯಲ್ಲಿ ಉತ್ತರ-ದಕ್ಷಿಣ ವಿಭಾಗಗಳು, ಮತ್ತೆ ಕೆಳಗೆ ಪ್ರಾದೇಶಿಕ ಲೀಗುಗಳು, ಕೊನೆಗೆ ಊರೂರಿನ ಲೀಗುಗಳು. 1986–87ರ ಋತುವಿಗಿಂತ ಮೊದಲು ಮೇಲೇರಬೇಕಾದರೆ ಲೀಗ್‌ನ ಒಳಗಿದ್ದ ಕ್ಲಬ್ಬುಗಳ ಮತ ಬೇಕಾಗುತ್ತಿತ್ತು, ಅವು ಸಾಮಾನ್ಯವಾಗಿ ತಮ್ಮವರನ್ನೇ ಉಳಿಸಿಕೊಳ್ಳುತ್ತಿದ್ದವು. ಆ ಋತುವಿನಿಂದ ಅಗ್ರಸ್ಥಾನದ ಕ್ಲಬ್ಬಿಗೆ ನೇರ ಬಡ್ತಿ ಸಿಕ್ಕಿತು, ಮೊದಲು ಏರಿದ್ದು ಸ್ಕಾರ್‌ಬರೋ. 2002–03ರಿಂದ ಎರಡು ಕ್ಲಬ್ಬುಗಳು ಏರುತ್ತಿವೆ.

ಎಫ್‌ಎ ಕಪ್ ಇನ್ನೊಂದು ಬಾಗಿಲು. 1972ರಲ್ಲಿ ನಾನ್‌ಲೀಗ್ ತಂಡವಾಗಿದ್ದ ಹೆರೆಫರ್ಡ್ ಯುನೈಟೆಡ್, ನ್ಯೂಕ್ಯಾಸಲ್ ತಂಡವನ್ನು 2–1ರಿಂದ ಸೋಲಿಸಿತು. 2017ರಲ್ಲಿ ಲಿಂಕನ್ ಸಿಟಿ ಕ್ವಾರ್ಟರ್‌ಫೈನಲ್ ತಲುಪಿತು. ಆಟಗಾರರಿಗೂ ಇದೇ ಏಣಿ. 1990ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಎದುರು ಪೆನಾಲ್ಟಿಯನ್ನು ಗೋಲಾಗಿಸಲಾಗದ ಇಂಗ್ಲೆಂಡಿನ ಇಬ್ಬರೂ, ಅಂದರೆ ವಾಡಲ್ ಮತ್ತು ಸ್ಟುವರ್ಟ್ ಪಿಯರ್ಸ್, ನಾನ್‌ಲೀಗ್‌ನಿಂದ ಬಂದವರೇ. ಪಿಯರ್ಸ್ ವೀಲ್ಡ್‌ಸ್ಟೋನ್ ಕ್ಲಬ್ಬಿಗೆ ಆಡುತ್ತ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದರು. ಆ ಎರಡು ಪೆನಾಲ್ಟಿಗಳ ಬಗ್ಗೆ ಬರೆದವರು ಅವರು ಹತ್ತಿ ಬಂದ ಮೆಟ್ಟಿಲುಗಳ ಬಗ್ಗೆಯೂ ಅಷ್ಟೇ ಬರೆಯಬೇಕಿತ್ತು.

ಪ್ರಶ್ನೆ: ಹಾಗಾದರೆ ಎಡ್ಗರ್ ಡೇವಿಡ್ಸ್ ಬಾರ್ನೆಟ್ ಕ್ಲಬ್ಬಿಗೆ ಹೋದದ್ದು ಏಕೆ ಅಷ್ಟು ಕಹಿಯಾಗಿ ಮುಗಿಯಿತು?
— ಬ್ಯಾಂಕ್ ನೌಕರ, ಚಿತ್ರದುರ್ಗ

ಉತ್ತರ: ನಿಮ್ಮ ಪ್ರಶ್ನೆ ಬಹಳ ಸಮಂಜಸವಾಗಿದೆ, ಏಕೆಂದರೆ ಕೆಳಗಿಳಿದು ಆಡಿದವರೆಲ್ಲರ ಕಥೆಯೂ ವಾಡಲ್ ಅವರದರಂತೆ ಇಲ್ಲ. 1995ರಲ್ಲಿ ನೆದರ್ಲೆಂಡ್ಸ್‌ನ ಅಯಾಕ್ಸ್ ಜೊತೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದು, ಇಟಲಿಯ ಯುವೆಂಟಸ್‌ನಲ್ಲಿ ಮಿಡ್‌ಫೀಲ್ಡ್ ಆಳಿ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಕಾರಣದಿಂದ ರಕ್ಷಣಾ ಕನ್ನಡಕ ಧರಿಸಿ ಆಡಿದ ಡೇವಿಡ್ಸ್ 2012ರ ಅಕ್ಟೋಬರ್‌ನಲ್ಲಿ ಆಟಗಾರ-ತರಬೇತುದಾರರಾಗಿ ಲಂಡನ್ನಿನ ಬಾರ್ನೆಟ್‌ಗೆ ಬಂದರು. ಆಗ ಬಾರ್ನೆಟ್ ಲೀಗ್‌ನ ಕೊನೆಯ ವಿಭಾಗದಲ್ಲಿತ್ತು. ಆ ಋತುವಿನ ಕೊನೆಯ ದಿನ ಗೋಲುಗಳ ಅಂತರದಿಂದ ನಾನ್‌ಲೀಗ್‌ಗೆ ಜಾರಿತು. ಡೇವಿಡ್ಸ್ ಅಲ್ಲಿಯೇ ಉಳಿದರು, ಅದು ಮೆಚ್ಚಬೇಕಾದ ವಿಷಯ. ಆದರೆ ಮುಂದಿನ ಋತುವಿನಲ್ಲಿ ಗೋಲ್‌ಕೀಪರ್ ತೊಡುವ 1ನೆಯ ಸಂಖ್ಯೆಯ ಅಂಗಿಯನ್ನು ತಾವು ತೊಟ್ಟರು, ಮೂರು ಬಾರಿ ಕೆಂಪು ಕಾರ್ಡ್ ಪಡೆದರು, ರಾತ್ರಿ ತಂಗಬೇಕಾದ ದೂರದ ಊರಿನ ಪಂದ್ಯಗಳಿಗೆ ಹೋಗುವುದಿಲ್ಲವೆಂದರು. 2014ರ ಜನವರಿಯಲ್ಲಿ ಕ್ಲಬ್ಬು ಬಿಟ್ಟರು.

ಅವರ ಕಾಲಿನ ಕೌಶಲ ಕಡಿಮೆಯಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಹಗಲು ದುಡಿದು, ಸಂಜೆ ಬಸ್ಸು ಹತ್ತಿ, ನಡುರಾತ್ರಿ ಮನೆಗೆ ಮರಳುವ ಆಟಗಾರರಿರುವ ಲೀಗ್‌ನಲ್ಲಿ, ತಂಡದ ನಾಯಕನೇ ಕೆಲವು ಪ್ರಯಾಣಗಳಿಂದ ದೂರ ಉಳಿದರೆ ತಂಡದ ಉಳಿದವರಿಗೆ ಅದು ಹೇಗೆ ಕಾಣುತ್ತದೆಂದು ಯೋಚಿಸಿ. ಅಲ್ಲಿನ ಡಿಫೆಂಡರುಗಳು ಹೆಸರಿಗೆ ಹೆದರುವುದಿಲ್ಲ. ದೊಡ್ಡ ಆಟಗಾರನ ಕಾಲಿಗೆ ಒಂದು ಗಟ್ಟಿ ಟ್ಯಾಕಲ್ ಹಾಕಿದೆನೆಂಬುದು ಅವರಿಗೆ ಜೀವಮಾನದ ನೆನಪು. ಅದನ್ನು ಸಹಿಸಿಕೊಂಡು, ಕೋಪ ಮಾಡದೆ, ಮುಂದಿನ ಪಾಸ್ ಕೊಡುವುದು ಆ ಮಟ್ಟದಲ್ಲಿ ಹಿರಿಯ ಮಿಡ್‌ಫೀಲ್ಡರನ ಅರ್ಧ ಕೆಲಸ.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಇಂತಹ ಏಣಿ ಏಕಿಲ್ಲ?
— ನಿವೃತ್ತ ಗಿರಣಿ ಕಾರ್ಮಿಕ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಮ್ಮಲ್ಲಿ ಆಟ ಬೆಳೆದ ದಾರಿ ಬೇರೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಮುಂತಾದ ಸಾರ್ವಜನಿಕ ಉದ್ದಿಮೆಗಳ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟು ಆಡಿಸಿದವು. ಅವರ ಆಟದ ಬದುಕೂ ಬಹುಮಟ್ಟಿಗೆ ಆ ನಗರದೊಳಗೇ ಮುಗಿಯುತ್ತಿತ್ತು. ಜಿಲ್ಲೆಯ ಮೈದಾನದಿಂದ ಗೆಲುವಿನ ಬಲದಿಂದ ಹಂತಹಂತವಾಗಿ ಮೇಲೇರುವ ಮತ್ತು ವಯಸ್ಸಾದಾಗ ಅದೇ ಹಂತಗಳಲ್ಲಿ ಇಳಿದು ಬರುವ ವ್ಯವಸ್ಥೆ ಬಲಗೊಳ್ಳಲಿಲ್ಲ. ದೇಶದ ಮಟ್ಟದಲ್ಲಿಯೂ ಹಾಗೆಯೇ: 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಕೆಳಗಿನ ಲೀಗ್ ಗೆದ್ದು ಬಡ್ತಿ ಪಡೆದ ಮೊದಲ ತಂಡ ಪಂಜಾಬಿನದು, ಅದೂ 2023ರಲ್ಲಿ. ಅದೇ ವರ್ಷ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು, ಆದ್ದರಿಂದ ಪ್ರತಿಭೆಯ ಕೊರತೆಯೆಂಬ ಮಾತು ನಿಲ್ಲುವುದಿಲ್ಲ. ನಿಮ್ಮ ಊರಿನಲ್ಲಿ ವರ್ಷಪೂರ್ತಿ ನಡೆಯುವ ಒಂದು ಲೀಗ್ ಬೇಕು; ಮೂರು ದಿನಗಳ ಹೊನಲು ಬೆಳಕಿನ ಟೂರ್ನಿಗಳಿಂದ ಆ ಕೊರತೆ ತುಂಬುವುದಿಲ್ಲ.

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಕಾಲೇಜು ತಂಡದ ಮಿಡ್‌ಫೀಲ್ಡರ್ ಆಗಿದ್ದೆ, ಈಗ ಪ್ರೌಢಶಾಲೆಯ ದೈಹಿಕ ಶಿಕ್ಷಕ. ಊರಿನ ಹುಡುಗರು ತಂಡಕ್ಕೆ ಕರೆಯುತ್ತಿದ್ದಾರೆ. ಓಟ ಕುಗ್ಗಿದೆ. ಒಬ್ಬ ಹುಡುಗನ ಜಾಗ ಕಿತ್ತುಕೊಂಡಂತಾಗುವುದೇ ಎಂಬ ಹಿಂಜರಿಕೆಯೂ ಇದೆ.
— ಶಿಕ್ಷಕ, ಹೊಳಲ್ಕೆರೆ

ಉತ್ತರ: ಗುರುಗಳೇ, ಖಂಡಿತ ಆಡಿರಿ. ಆದರೆ ಜಾಗವನ್ನು ಬದಲಿಸಿಕೊಳ್ಳಿ. ಎದುರಾಳಿಯ ಗೋಲಿಗೆ ಬೆನ್ನು ಮಾಡಿ ಚೆಂಡು ಪಡೆಯಬೇಕಾದ ಮುಂಚೂಣಿಯ ಸ್ಥಾನ ಈಗ ಬೇಡ. ಅಲ್ಲಿ ಪ್ರತಿ ಬಾರಿಯೂ ತಿರುಗಿ ಓಡಬೇಕಾಗುತ್ತದೆ. ನಿಮ್ಮ ಡಿಫೆಂಡರುಗಳ ಮುಂದೆ, ಇಡೀ ಮೈದಾನ ಕಣ್ಣೆದುರಿಗೆ ಇರುವಂತೆ ನಿಲ್ಲಿ. ಚೆಂಡು ನಿಮ್ಮ ಕಡೆಗೆ ಬರುತ್ತಿರುವಾಗಲೇ ಎರಡೂ ಭುಜಗಳ ಹಿಂದೆ ಒಮ್ಮೊಮ್ಮೆ ನೋಡಿಕೊಂಡರೆ, ಮೊದಲ ಸ್ಪರ್ಶದಲ್ಲಿಯೇ ಖಾಲಿ ಜಾಗಕ್ಕೆ ಹೊರಳಬಹುದು, ಎರಡನೆಯ ಸ್ಪರ್ಶದಲ್ಲಿ ಪಾಸ್ ಕೊಡಬಹುದು. ಮೂರನೆಯ ಸ್ಪರ್ಶ ಬೇಕಾಯಿತೆಂದರೆ ಹತ್ತೊಂಬತ್ತರ ಹುಡುಗ ಅಷ್ಟರಲ್ಲಿ ನಿಮ್ಮನ್ನು ತಲುಪಿರುತ್ತಾನೆ. ಪಕ್ಕದಲ್ಲಿ ಚೆನ್ನಾಗಿ ಓಡುವ ಒಬ್ಬನನ್ನು ಇಟ್ಟುಕೊಂಡು, ಯಾವಾಗ ಮೇಲೆ ಹೋಗಬೇಕು, ಯಾವಾಗ ನಿಲ್ಲಬೇಕೆಂದು ಆಟದ ನಡುವೆಯೇ ಕೂಗಿ ಹೇಳುತ್ತಿರಿ.

ಬೇಸಿಗೆಯಲ್ಲಿ ನಮ್ಮ ಸೀಮೆಯ ಮೈದಾನಗಳು ಗಟ್ಟಿಯಾಗುತ್ತವೆ. ಉದ್ದನೆಯ ಮೊಳೆಗಳ ಬೂಟು ಮಂಡಿಗೂ ಹಿಮ್ಮಡಿಗೂ ಕೆಡುಕು, ಗಿಡ್ಡ ಮೊಳೆಗಳದ್ದನ್ನೇ ಹಾಕಿಕೊಳ್ಳಿ. ಮೀನಖಂಡ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಪಂದ್ಯಕ್ಕೆ ಮೊದಲು ನಿಧಾನವಾಗಿ ಬಿಸಿಮಾಡಿಕೊಳ್ಳದೆ ಒಮ್ಮೆಲೇ ಓಡಬೇಡಿ, ಮತ್ತು ಒಂದು ಪಂದ್ಯವಾದ ಮೇಲೆ ಕನಿಷ್ಠ ಎರಡು ದಿನ ಪೂರ್ಣ ವೇಗದ ಓಟ ಬೇಡ.

ಹುಡುಗನ ಜಾಗದ ಬಗ್ಗೆ ನಿಮಗಿರುವ ಹಿಂಜರಿಕೆ ನನಗೆ ಗೌರವ ತರಿಸಿತು. ತಂಡದವರ ಜೊತೆ ಕೂತು, ನೀವು ಒಂದು ಅರ್ಧ ಮಾತ್ರ ಆಡುವಿರೆಂದೂ, ಇನ್ನೊಂದು ಅರ್ಧದಲ್ಲಿ ಅದೇ ಸ್ಥಾನದಲ್ಲಿ ಇಂತಹ ಹುಡುಗ ಆಡುವನೆಂದೂ ಮೊದಲೇ ಹೆಸರು ಹಿಡಿದು ನಿಶ್ಚಯಿಸಿಕೊಳ್ಳಿ. ನೀವು ಆಡುವಾಗ ಅವನು ಗೆರೆಯ ಪಕ್ಕದಲ್ಲಿ ನಿಂತು ನಿಮ್ಮ ತಲೆ ಎತ್ತ ತಿರುಗುತ್ತದೆಂದು ನೋಡಲಿ. ಅವನು ಆಡುವಾಗ ನೀವು ಅಲ್ಲಿಯೇ ನಿಂತಿರಿ. ಫ್ರೀಕಿಕ್ ಮತ್ತು ಕಾರ್ನರ್‌ಗಳನ್ನು ಮೊದಲ ತಿಂಗಳಿನಿಂದಲೇ ಅವನಿಗೆ ಬಿಟ್ಟುಕೊಡಿ.