ರಸ್ತೆಯಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರಿಗೆ ಬ್ರೇಕ್ ಪ್ಯಾಡ್: ತಣ್ಣಗಿದ್ದಾಗಲೂ ಹಿಡಿಯುವುದನ್ನೇ ಹಾಕಿ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದು 3 ಮಿ.ಮೀ.ಗೆ ಬಂದಿದೆ, ಕಾರು ದಿನಾ ಓಡೋದು ಮಾಮೂಲಿ ರಸ್ತೆಯಲ್ಲೇ, ಬಿಡುವು ಸಿಕ್ಕಾಗ ಬೆಟ್ಟದ ರಸ್ತೆ, ಮುಂದೆ ಯಾವಾಗಲಾದರೂ ಟ್ರ್ಯಾಕ್‌ಗೆ ಒಯ್ಯೋ ಆಸೆ. ಕಂಪನಿ ಪ್ಯಾಡೇ ಸಾಕಾ, ಇಲ್ಲ ಸ್ನೇಹಿತರು ಹೇಳಿದ ಹಾಗೆ ರೇಸ್ ಪ್ಯಾಡ್ ಹಾಕಿಸಲಾ ಅಂತ ಕೇಳಿದ್ದೀರಿ. ಮೇಲೆ ಕೆಲವರು "ಹಾಕೋದೇ ಆದ್ರೆ ದೊಡ್ಡದೇ ಹಾಕಿ" ಅಂತ ರೇಸ್ ಪ್ಯಾಡನ್ನೇ ಹೇಳಿದ್ದಾರೆ. ನಾನು ಒಪ್ಪಲ್ಲ. ರಸ್ತೆ ಕಾರಿಗೆ ರೇಸ್ ಪ್ಯಾಡ್ ಹಾಕೋದು ಅಪಾಯ. ಯಾಕೆ ಅಂತ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಪ್ಯಾಡಿನ ಹಿಡಿತ ಯಾವಾಗಲೂ ಒಂದೇ ಸಮ ಇರಲ್ಲ, ಬಿಸಿ ಏರಿದ ಹಾಗೆ ಬದಲಾಗುತ್ತೆ. ರೇಸ್ ಕಾಂಪೌಂಡ್ (ಪ್ಯಾಡ್ ಮಾಡೋ ವಸ್ತುಗಳ ಮಿಶ್ರಣ) ಮಾಡೋದೇ ಡಿಸ್ಕ್ ಚೆನ್ನಾಗಿ ಕಾದ ಮೇಲೆ ಪೂರ್ತಿ ಹಿಡಿಯಲಿ, 600 ಡಿಗ್ರಿ ಹತ್ತಿರ ಹೋದರೂ ಕೈಕೊಡದಿರಲಿ ಅಂತ. ನಿಮ್ಮ ಡಿಸ್ಕ್ ರಸ್ತೆಯಲ್ಲಿ ಅಷ್ಟು ಕಾಯುತ್ತಾ? ಲೆಕ್ಕ ಹಾಕಿ ನೋಡಿ. ಕಾರು 1500 ಕೆ.ಜಿ., ಮುಂದಿನ ಡಿಸ್ಕ್ ಒಂದೊಂದು 9 ಕೆ.ಜಿ., ಬ್ರೇಕಿನ ಕೆಲಸದಲ್ಲಿ ನೂರಕ್ಕೆ 70 ಪಾಲು ಮುಂದಿನ ಎರಡು ಚಕ್ರದ್ದು ಅಂತಿಟ್ಟುಕೊಳ್ಳಿ. 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 580 ಕಿಲೋಜೂಲ್ ಶಕ್ತಿ ಶಾಖ ಆಗಬೇಕು. ಅಷ್ಟಕ್ಕೆ ಮುಂದಿನ ಡಿಸ್ಕ್ ಏರೋದು 45–50 ಡಿಗ್ರಿ ಮಾತ್ರ, ಮುಂದಿನ ಸಿಗ್ನಲ್ ಬರೋ ಹೊತ್ತಿಗೆ ಅದರಲ್ಲಿ ಒಂದಿಷ್ಟು ಗಾಳಿಗೆ ಹೋಗಿರುತ್ತೆ. ಟ್ರ್ಯಾಕಿನಲ್ಲಿ 200ರಿಂದ 80ಕ್ಕೆ ಇಳಿಸಿದರೆ ಅದೇ ಡಿಸ್ಕ್ ಒಂದೇ ಏಟಿಗೆ 150 ಡಿಗ್ರಿಗೂ ಹೆಚ್ಚು ಏರುತ್ತೆ, ಅದು ಆರೋದರೊಳಗೆ ಮುಂದಿನ ತಿರುವು. ಎರಡೂ ಬೇರೆ ಬೇರೆ ಕೆಲಸ, ಎರಡಕ್ಕೂ ಒಂದೇ ಪ್ಯಾಡ್ ಹೊಂದಲ್ಲ.

ಬೆಳಿಗ್ಗೆ ಗೇಟ್ ದಾಟಿದ ತಕ್ಷಣ ಮಗು ಅಡ್ಡ ಬಂದರೆ ನಿಮ್ಮ ಡಿಸ್ಕ್ 25–30 ಡಿಗ್ರಿಯಲ್ಲಿರುತ್ತೆ. ಪ್ಯಾಡ್ ಪರೀಕ್ಷೆಗೆ ನಿಲ್ಲೋದು ಅಲ್ಲಿ. ಹೆದ್ದಾರಿಯಲ್ಲಿ ಅರ್ಧ ಗಂಟೆ ಬ್ರೇಕ್ ಮುಟ್ಟದೆ ಮಳೆಯಲ್ಲಿ ಓಡಿ, ಮುಂದಿನ ಲಾರಿ ಏಕಾಏಕಿ ನಿಂತಾಗಲೂ ಅಷ್ಟೇ. ಗಟ್ಟಿ ರೇಸ್ ಪ್ಯಾಡ್ ಆ ಮೊದಲ ಒತ್ತಿಗೆ ಮರದ ತುಂಡಿನ ಹಾಗಿರುತ್ತೆ. ಪೆಡಲ್ ಗಟ್ಟಿಯಾಗೇ ಇರುತ್ತೆ, ಕಾರು ಮಾತ್ರ ನೀವು ಅಂದುಕೊಂಡಷ್ಟು ನಿಧಾನ ಆಗಲ್ಲ. ಸಾಲದ್ದಕ್ಕೆ ತಣ್ಣಗಿದ್ದಾಗ ಅದು ಡಿಸ್ಕನ್ನು ಅರದ ಹಾಗೆ ತಿನ್ನುತ್ತೆ, ಪ್ರತಿ ಸಿಗ್ನಲ್‌ನಲ್ಲೂ ಕಿರುಚುತ್ತೆ.

ಇನ್ನೊಂದು ಮಾತು ಮನಸ್ಸಿನಲ್ಲಿಡಿ. ತುರ್ತಾಗಿ ನಿಲ್ಲಿಸುವಾಗ ದೂರ ತೀರ್ಮಾನ ಮಾಡೋದು ಬಹುತೇಕ ಟೈರು. ನಿಮ್ಮ ಈಗಿನ ಪ್ಯಾಡ್ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಕೆಲಸ ಮಾಡೋ ಮಟ್ಟಕ್ಕೆ ಚಕ್ರವನ್ನು ಹಿಡಿಯುತ್ತೆ ಅಂದರೆ, ಇನ್ನೂ ಜೋರು ಪ್ಯಾಡ್ ಹಾಕಿದ ಮಾತ್ರಕ್ಕೆ ಅದೇ ಟೈರಿನಲ್ಲಿ ಕಾರು ಬೇಗ ನಿಲ್ಲಲ್ಲ. ಒಳ್ಳೆ ಪ್ಯಾಡಿನಿಂದ ಸಿಗೋದು ಬೇರೆ: ಕಾಲಿನಡಿ ಹದವಾಗಿ ಸಿಗೋ ಹಿಡಿತ, ಪದೇ ಪದೇ ಒತ್ತಿದರೂ ಸೋಲದ ಗುಣ. ಟೈರ್ ಹಳೇದಾಗಿ ಗಟ್ಟಿಯಾಗಿದ್ದರೆ ದುಡ್ಡು ಮೊದಲು ಅಲ್ಲಿ ಹಾಕಿ.

ಈಗ ಬಗೆಗಳು. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಆದರೆ ಬೇಗ ಸೋಲುತ್ತೆ. ನಿಮ್ಮ ಕಾರಿಗೆ ಬೇಡ. ಸೆರಾಮಿಕ್ ಪ್ಯಾಡ್‌ನಲ್ಲಿ ಧೂಳು ಕಡಿಮೆ, ಸದ್ದು ಕಡಿಮೆ, ಡಿಸ್ಕಿಗೂ ಹಗುರ. ಬರೀ ಊರೊಳಗೆ ಓಡಿಸೋರಿಗೆ ಚೆನ್ನ. ಆದರೆ ಮೊದಲ ಒತ್ತಿಗೆ ಸಿಗೋ ಬೈಟ್ ಸ್ವಲ್ಪ ಸಪ್ಪೆ, ದೀರ್ಘ ಇಳಿಜಾರಿನಲ್ಲಿ ಜೋರಾಗಿ ಓಡಿಸಿದರೆ ಮಿತಿ ಬೇಗ ಗೊತ್ತಾಗುತ್ತೆ. ಸೆಮಿ ಮೆಟಾಲಿಕ್ ಮತ್ತು ಲೋ ಮೆಟಾಲಿಕ್ ಬಗೆಗಳಲ್ಲಿ ಬೈಟ್ ಚೆನ್ನಾಗಿರುತ್ತೆ, ಬಿಸಿ ತಡೆಯುತ್ತೆ, ಬದಲಿಗೆ ಅಲಾಯ್ ಚಕ್ರದ ಮೇಲೆ ಕಪ್ಪು ಧೂಳು. ಯೂರೋಪಿನ ಬಹಳಷ್ಟು ಸ್ಪೋರ್ಟ್ಸ್ ಕಾರುಗಳಿಗೆ ಕಾರ್ಖಾನೆಯಿಂದಲೇ ಬರೋದು ಲೋ ಮೆಟಾಲಿಕ್. ಚಕ್ರ ತೊಳೆಯೋ ಬೇಜಾರಿಗೆ ಹೆದರಿ ಪ್ಯಾಡ್ ಆರಿಸಬೇಡಿ ಅಂತ ನನ್ನ ಕಳಕಳಿಯ ಮಾತು. ಧೂಳು ಬರುತ್ತೆ, ತೊಳೆದರೆ ಹೋಗುತ್ತೆ.

ಒಂದು ಎಚ್ಚರಿಕೆ: ಸೆರಾಮಿಕ್ ಪ್ಯಾಡ್ ಬೇರೆ, ಕಾರ್ಬನ್ ಸೆರಾಮಿಕ್ ಡಿಸ್ಕ್ ಬೇರೆ. ಕಾರಿನಲ್ಲಿ ಕಾರ್ಬನ್ ಸೆರಾಮಿಕ್ ಡಿಸ್ಕ್ ಇದ್ದರೆ ಅದಕ್ಕೆಂದೇ ಮಾಡಿದ ಪ್ಯಾಡನ್ನೇ ಹಾಕಬೇಕು. ಕಬ್ಬಿಣದ ಡಿಸ್ಕಿನ ಪ್ಯಾಡ್ ಹಾಕಿದರೆ ತುಂಬಾ ದುಬಾರಿ ಡಿಸ್ಕ್ ಹಾಳಾಗುತ್ತೆ.

ನಿಮಗೆ ನನ್ನ ಸಲಹೆ ಎರಡೇ. ಮೊದಲನೇದು ಕಾರಿನ ಕಂಪನಿಯ ಮೂಲ ಪ್ಯಾಡ್. ಸ್ಪೋರ್ಟ್ಸ್ ಕಾರು ಮಾಡೋ ಕಂಪನಿ ಆ ಕಾರಿನ ತೂಕ, ವೇಗ, ಎಬಿಎಸ್ ಎಲ್ಲ ಲೆಕ್ಕ ಹಾಕಿ ಕಾಂಪೌಂಡ್ ಗೊತ್ತುಮಾಡಿರುತ್ತೆ. "ಕಂಪನಿ ಪ್ಯಾಡ್ ಅಂದ್ರೆ ಸಾಧಾರಣ" ಅನ್ನೋ ಮಾತು ಇಂಥ ಕಾರಿಗೆ ಹೊಂದಲ್ಲ. ಎರಡನೇದು, ಬೆಟ್ಟದ ರಸ್ತೆಯಲ್ಲಿ ಮೂಲ ಪ್ಯಾಡ್ ನಿಜವಾಗಲೂ ಸೋತಿದ್ದರೆ ಮಾತ್ರ, ಒಳ್ಳೆ ಹೆಸರಿನ ತಯಾರಕರ ಫಾಸ್ಟ್ ರೋಡ್ ವರ್ಗದ (ರಸ್ತೆಯಲ್ಲೇ ಜೋರಾಗಿ ಓಡಿಸೋರಿಗೆ ಮಾಡಿದ) ಪ್ಯಾಡ್. ಫೆರೊಡೊ, ಪಾಗಿಡ್, ಹಾಕ್, ಇಬಿಸಿ ಇವರೆಲ್ಲ ರಸ್ತೆಗೆ ಬೇರೆ, ಟ್ರ್ಯಾಕಿಗೆ ಬೇರೆ ಕಾಂಪೌಂಡ್ ಮಾಡ್ತಾರೆ. ಬ್ರ್ಯಾಂಡ್ ನೋಡಿ ಸುಮ್ಮನಾಗಬೇಡಿ, ಕಾಂಪೌಂಡಿನ ಹೆಸರು ಹಿಡಿದು ಅವರ ತಾಪಮಾನದ ಗ್ರಾಫ್ ನೋಡಿ. ಗರಿಷ್ಠ ಎಷ್ಟು ಅನ್ನೋದಕ್ಕಿಂತ ಎಡತುದಿಯಲ್ಲಿ, 50 ಡಿಗ್ರಿ ಹತ್ತಿರ ಗೆರೆ ಎಲ್ಲಿ ಶುರುವಾಗುತ್ತೆ ಅನ್ನೋದೇ ನಿಮಗೆ ಮುಖ್ಯ. ಅಲ್ಲಿಂದಲೇ ಹೆಚ್ಚುಕಮ್ಮಿ ಮಟ್ಟಸವಾಗಿ ಹೋಗೋ ಗೆರೆ ಇದ್ದರೆ ಅದು ರಸ್ತೆ ಪ್ಯಾಡ್.

"ಫೇಡ್ ಆಯ್ತು" ಅಂತ ಬರೆದಿದ್ದಿರಿ. ಫೇಡ್ ಅಂದರೆ ಕಾದು ಬ್ರೇಕ್ ಸೋಲೋದು. ಯಾವ ಫೇಡ್ ಅಂತ ಮೊದಲು ಖಚಿತ ಮಾಡಿಕೊಳ್ಳಿ, ಯಾಕೆಂದರೆ ಮದ್ದು ಬೇರೆ ಬೇರೆ. ಪೆಡಲ್ ಗಟ್ಟಿಯಾಗಿದ್ದು ಕಾರು ನಿಲ್ಲದೆ ಹೋದರೆ ಪ್ಯಾಡ್ ತನ್ನ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿದು, ಪಂಪ್ ಮಾಡಿದರೆ ಮೇಲೆ ಬಂದರೆ ಬ್ರೇಕ್ ಆಯಿಲ್ ಕುದ್ದು ಆವಿ ಕಟ್ಟಿದೆ, ಅದಕ್ಕೆ ಯಾವ ಪ್ಯಾಡೂ ಉತ್ತರ ಅಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಆಯಿಲ್‌ಗೆ ಹೊಸದರಲ್ಲಿ ಕನಿಷ್ಠ ಕುದಿಬಿಂದು 230 ಡಿಗ್ರಿ, 3.7 ಶೇಕಡಾ ನೀರು ಸೇರಿದ ಮೇಲೆ 155ಕ್ಕೆ ಬಿದ್ದರೂ ಅದು ಮಾನದಂಡದೊಳಗೇ ಇದ್ದಂತೆ. ಡಾಟ್ 5.1ಕ್ಕೆ ಅದೇ ಲೆಕ್ಕ 260 ಮತ್ತು 180. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು ಇದಕ್ಕೇ. ಹೆಸರು ಹತ್ತಿರ ಇದೆ ಅಂತ ಡಾಟ್ 5 ಮಾತ್ರ ಹಾಕಬೇಡಿ, ಅದು ಸಿಲಿಕೋನ್, ಉಳಿದವುಗಳ ಜೊತೆ ಬೆರೆಯಲ್ಲ. ನಿಮ್ಮ ಆಯಿಲ್ ಯಾವಾಗ ಬದಲಾಗಿದ್ದು ಅಂತ ನೀವು ಬರೆದಿಲ್ಲ. ಮರೆತಿದ್ದರೆ ಪ್ಯಾಡಿನ ಜೊತೆಗೇ ಬದಲಿಸಿ.

ಬೆಟ್ಟ ಇಳಿಯೋದರ ಬಗ್ಗೆಯೂ ಒಂದು ಲೆಕ್ಕ. ಅದೇ 1500 ಕೆ.ಜಿ. ಕಾರು 500 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ, 100ರ ವೇಗದಿಂದ ಹನ್ನೆರಡು ಹದಿಮೂರು ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ. ಅದರಲ್ಲಿ ದೊಡ್ಡ ಪಾಲನ್ನು ಕೆಳ ಗೇರಿನಲ್ಲಿ ಇಂಜಿನ್ ಹೊರಬೇಕು. ಕಾಲನ್ನು ಪೆಡಲ್ ಮೇಲೆ ಇಟ್ಟೇ ಇಳಿಯಬೇಡಿ, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಮತ್ತೆ ಪೂರ್ತಿ ಬಿಡಿ. ಇದೊಂದು ಅಭ್ಯಾಸದಿಂದಲೇ ಎಷ್ಟೋ ಜನರ "ಪ್ಯಾಡ್ ಸಮಸ್ಯೆ" ಹೋಗಿದ್ದನ್ನು ನೋಡಿದ್ದೇನೆ.

ಬಹಳಷ್ಟು ಪ್ಯಾಡುಗಳ ಅಂಚಿನಲ್ಲಿ ಅಥವಾ ಹಿಂಬದಿಯ ಪ್ಲೇಟಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತೆ, ಎಫ್‌ಎಫ್, ಜಿಜಿ ಹೀಗೆ. ಮೊದಲನೇದು ಮಾಮೂಲಿ ಬಿಸಿಯಲ್ಲಿ ಘರ್ಷಣೆಯ ಮಟ್ಟ, ಎರಡನೇದು ಹೆಚ್ಚು ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಎರಡೂ ಅಕ್ಷರ ಒಂದೇ ಇದ್ದರೆ ಒಳ್ಳೇದು. ಮೊದಲನೇದಕ್ಕಿಂತ ಎರಡನೇದು ಕೆಳಗಿದ್ದರೆ ಕಾದಾಗ ಸೋಲುತ್ತೆ ಅಂತ ಸುಳಿವು. ಆದರೆ ಇದು ಸಣ್ಣ ತುಂಡಿನ ಮೇಲೆ ಲ್ಯಾಬ್‌ನಲ್ಲಿ ಮಾಡೋ ಪರೀಕ್ಷೆ, ಜಿಜಿ ಇದ್ದ ಮಾತ್ರಕ್ಕೆ ಎಫ್‌ಎಫ್‌ಗಿಂತ ಮೇಲು ಅಂತಲ್ಲ. ನನಗೆ ಇದಕ್ಕಿಂತ ಭರವಸೆ ಕೊಡೋದು ಯೂರೋಪಿನ ಆರ್90 ಗುರುತು. ಆ ನಿಯಮದ ಪ್ರಕಾರ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನ ಆಚೀಚೆ 15 ಶೇಕಡಾದೊಳಗೇ ಇರಬೇಕು. ಎಬಿಎಸ್, ಇಎಸ್‌ಪಿ (ಕಾರು ಜಾರದಂತೆ ಹಿಡಿಯೋ ವ್ಯವಸ್ಥೆ) ಎರಡನ್ನೂ ಮೂಲ ಪ್ಯಾಡಿಗೆ ಹೊಂದಿಸಿರೋದರಿಂದ ಇದು ಸಣ್ಣ ವಿಷಯ ಅಲ್ಲ.

ಇದೇ ಕಾರಣಕ್ಕೆ ಮುಂದೆ ಒಂದು, ಹಿಂದೆ ಒಂದು ಬಗೆ ಹಾಕಬೇಡಿ. ಅದರಲ್ಲೂ ಹಿಂದೆ ಮುಂದಿಗಿಂತ ಜೋರು ಪ್ಯಾಡ್ ಹಾಕೋದು ಕೆಟ್ಟದ್ದು. ಜೋರಾಗಿ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಟೈರು ಹಗುರಾಗುತ್ತೆ, ಅಲ್ಲಿ ಹಿಡಿತ ಹೆಚ್ಚಾದರೆ ಹಿಂಭಾಗ ಜಾರಲು ತಯಾರಾಗಿರುತ್ತೆ. ಮುಂದಿನದನ್ನು ಕಂಪನಿ ಪ್ಯಾಡಿಗೇ ಬದಲಿಸೋದಾದರೆ, ಹಿಂದಿನದು ಚೆನ್ನಾಗಿದ್ದರೆ ಬಿಡಿ. ಫಾಸ್ಟ್ ರೋಡ್‌ಗೆ ಹೋಗೋದಾದರೆ ನಾಲ್ಕೂ ಚಕ್ರಕ್ಕೆ ಒಂದೇ ಕಾಂಪೌಂಡ್. ರಂಧ್ರ ಇರೋ ಡಿಸ್ಕ್, ಗೀರು ಇರೋ ಡಿಸ್ಕ್ ಕೇಳಿದ್ದಿರಿ: ಈಗಿನ ಡಿಸ್ಕ್ ಸರಿಯಿದ್ದರೆ ಅಗತ್ಯ ಇಲ್ಲ.

ಅಂಗಡಿಗೆ ಹೋಗೋ ಮೊದಲು ಹಳೆ ಪ್ಯಾಡನ್ನು ಬಿಚ್ಚಿ ನೋಡಿ. ಒಳಗಿನದು, ಹೊರಗಿನದು ಪಕ್ಕಪಕ್ಕ ಇಡಿ. ಪ್ಯಾಡನ್ನು ಡಿಸ್ಕಿಗೆ ಒತ್ತೋ ಕ್ಯಾಲಿಪರ್ ತೇಲುವ ಬಗೆಯದಾಗಿದ್ದು (ಪಿಸ್ಟನ್ ಒಂದೇ ಕಡೆ ಇದ್ದು, ಕ್ಯಾಲಿಪರೇ ಪಿನ್ನಿನ ಮೇಲೆ ಸರಿಯೋದು) ಒಂದು ಮಾತ್ರ ಹೆಚ್ಚು ಸವೆದಿದ್ದರೆ ಸ್ಲೈಡ್ ಪಿನ್ ಅಥವಾ ಪಿಸ್ಟನ್ ಬಿಗಿಯಾಗಿದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪ ಇದ್ದರೂ ಪಿನ್ನು, ಪ್ಯಾಡ್ ಕೂರೋ ಜಾಗ ನೋಡಿಸಿ. ಅಂಚು ಬೂದಿ ಬಣ್ಣಕ್ಕೆ ತಿರುಗಿ ಉಗುರಲ್ಲಿ ಕೆರೆದರೆ ಪುಡಿ ಉದುರಿದರೆ ಅದು ಮಿತಿಮೀರಿ ಕಾದಿದೆ, ಆಗ ಮಾತ್ರ ಇನ್ನೂ ಬಿಸಿ ತಡೆಯೋ ಕಾಂಪೌಂಡ್ ಯೋಚಿಸಿ. ಮೇಲ್ಮೈ ಗಾಜಿನಂತೆ ಹೊಳೆದರೆ ಗ್ಲೇಜ್ ಆಗಿದೆ. ಹೊಸ ಪ್ಯಾಡಿನ ಪೆಟ್ಟಿಗೆ ಒಡೆದ ತಕ್ಷಣ ಹಳೇದರ ಮೇಲೆ ಇಟ್ಟು ಆಕಾರ, ಕಿವಿ, ಸೆನ್ಸರ್ ಜಾಗ ಹೊಂದುತ್ತಾ ನೋಡಿ. ಒಂದೇ ಮಾಡೆಲ್ ಕಾರಿಗೆ ಎರಡು ಮೂರು ಬಗೆ ಕ್ಯಾಲಿಪರ್ ಬಂದಿರೋದು ಸಾಮಾನ್ಯ.

ಡಿಸ್ಕ್ ಚೆನ್ನಾಗಿದೆ ಅಂದಿದ್ದೀರಿ, ಮೈಕ್ರೋಮೀಟರಿನಲ್ಲಿ ಅಳೆಸಿದಿರಾ? ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತೆ. ಅದಕ್ಕಿಂತ ಕಡಿಮೆ ಇದ್ದರೆ ಹೊಸ ಪ್ಯಾಡ್ ಹಾಕಿ ಉಪಯೋಗ ಇಲ್ಲ.

ಹಾಕಿಸುವಾಗ ಸ್ಲೈಡ್ ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸ್, ಹೊಸ ಕ್ಲಿಪ್, ಶಿಮ್ (ಪ್ಯಾಡಿನ ಹಿಂದಿನ ತೆಳು ತಗಡು) ಇವನ್ನು ಬಿಡದೆ ಹಾಕಿಸಿ. ಕಿರುಚೋ ಸದ್ದಿಗೆ ಪ್ಯಾಡಿಗಿಂತ ಇವೇ ಎಷ್ಟೋ ಸಲ ಕಾರಣ. ಪಿಸ್ಟನ್ ಒಳಗೆ ತಳ್ಳುವಾಗ ಆಯಿಲ್ ಡಬ್ಬಿ ತುಂಬಿ ಚೆಲ್ಲಬಹುದು, ಪೇಂಟ್ ಹಾಳು ಮಾಡುತ್ತೆ, ಒಂದು ಕಣ್ಣಿಡಿ. ಹಿಂದೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಮುಟ್ಟಿಸಬೇಡಿ. ಕೆಲಸ ಮುಗಿದ ಮೇಲೆ ಕಾರು ಕದಲಿಸೋ ಮೊದಲು ಪೆಡಲನ್ನು ಗಟ್ಟಿಯಾಗೋವರೆಗೆ ಒತ್ತಿ. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಇರಲ್ಲ.

ಆಮೇಲೆ ಬೆಡ್ಡಿಂಗ್. ಪ್ಯಾಡಿನ ಒಂದು ತೆಳು ಪದರ ಡಿಸ್ಕಿನ ಮೇಲೆ ಸಮವಾಗಿ ಕೂರಬೇಕು. ಖಾಲಿ ರಸ್ತೆಯಲ್ಲಿ 90–100ರಿಂದ 15–20ಕ್ಕೆ, ಎಬಿಎಸ್ ಬರದಷ್ಟು ಗಟ್ಟಿಯಾಗಿ ಎಂಟು ಹತ್ತು ಸಲ ಇಳಿಸಿ, ಪ್ರತಿ ಸಲ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ತಯಾರಕರು ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೊನೆಗೆ ಸ್ವಲ್ಪ ವಾಸನೆ ಬರಬಹುದು, ಗಾಬರಿ ಬೇಡ. ಆಗ ಹತ್ತು ನಿಮಿಷ ಬ್ರೇಕ್ ಕಡಿಮೆ ಮುಟ್ಟಿ ಓಡಿಸಿ ಆರಿಸಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಹಿಡಿದು ನಿಂತರೆ ಆ ಜಾಗದಲ್ಲಿ ಪದರ ದಪ್ಪ ಕೂರುತ್ತೆ, ನಂತರ ಸ್ಟೀರಿಂಗ್ ನಡುಗುತ್ತೆ. "ಡಿಸ್ಕ್ ಬೆಂಡಾಗಿದೆ" ಅಂತ ಹೇಳೋ ಬಹಳಷ್ಟು ಕೇಸು ಇದೇ.

ಟ್ರ್ಯಾಕಿಗೆ ಹೋಗೋ ದಿನ ಬಂದಾಗ ಟ್ರ್ಯಾಕ್ ಪ್ಯಾಡ್ ಒಂದು ಜೊತೆ ಬೇರೆ ಇಟ್ಟುಕೊಳ್ಳಿ, ಆಗಾಗ ಹೋಗೋದಾದರೆ ಅದಕ್ಕೆ ಡಿಸ್ಕೂ ಬೇರೆ ಇದ್ದರೆ ಇನ್ನೂ ಒಳ್ಳೇದು, ಎರಡು ಕಾಂಪೌಂಡಿನ ಪದರ ಒಂದರ ಮೇಲೊಂದು ಬಿದ್ದರೂ ನಡುಕ ಬರುತ್ತೆ. ಸದ್ಯಕ್ಕೆ ಮೂಲ ಪ್ಯಾಡ್, ಹೊಸ ಆಯಿಲ್ ಇಷ್ಟು ಮಾಡಿಸಿ. ಹಳೆ ಪ್ಯಾಡ್ ಬಿಚ್ಚಿದಾಗ ಯಾವುದು ಒಳಗಿನದು, ಯಾವುದು ಹೊರಗಿನದು, ಎಡ ಬಲ ಯಾವುದು ಅಂತ ಚಾಕ್‌ನಲ್ಲಿ ಬರೆದು ನಾಲ್ಕರ ಫೋಟೊ ಹಾಕಿ, ಡಿಸ್ಕಿನ ದಪ್ಪವನ್ನೂ ಬರೆಯಿರಿ. ನೋಡಿ ಕ್ಯಾಲಿಪರ್ ಹೇಗಿದೆ ಅಂತ ಹೇಳ್ತೀನಿ.